ಅರ್ಧ ಪಾಲು ಎಲ್ಲಿದೆ? ಡಿವೋರ್ಸ್ ಆಗುವಾಗ ಮನೆ, ಚಿನ್ನ, ಸಾಲದ ಲೆಕ್ಕ

2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್‌ನಿಂದ ಒಂದರ ಹಿಂದೆ ಒಂದು ಎರಡು ವಿಚ್ಛೇದನದ ತೀರ್ಪು ಬಂದವು. ಒಂದರಲ್ಲಿ ಹೆಂಡತಿಗೆ 5 ಕೋಟಿ ರೂಪಾಯಿ, ಇನ್ನೊಂದರಲ್ಲಿ 12 ಕೋಟಿ. ಅದಕ್ಕೆ ನಾಲ್ಕು ತಿಂಗಳ ಮೊದಲು ಕರ್ನಾಟಕ ಹೈಕೋರ್ಟ್‌ನಲ್ಲಿ ತಿಂಗಳಿಗೆ 6,16,300 ರೂಪಾಯಿ ಜೀವನಾಂಶ ಬೇಕೆಂಬ ಹೆಂಡತಿಯೊಬ್ಬರ ಬೇಡಿಕೆಯ ವಿಚಾರಣೆ ನಡೆದಿತ್ತು. ಅಷ್ಟು ಖರ್ಚು ಮಾಡುವ ಆಸೆ ಇದ್ದರೆ ಆಕೆಯೇ ದುಡಿಯಲಿ ಎಂದು ನ್ಯಾಯಮೂರ್ತಿಗಳು ಹೇಳಿದ ವಿಡಿಯೊ ವಾಟ್ಸಾಪ್ ಗ್ರೂಪುಗಳಲ್ಲಿ ವಾರಗಟ್ಟಲೆ ಓಡಾಡಿತು.

ಇಂಥ ಸುದ್ದಿಗಳನ್ನು ಓದಿ ಓದಿ ನಮ್ಮಲ್ಲಿ ಒಂದು ನಂಬಿಕೆ ಬೇರೂರಿದೆ. ಡಿವೋರ್ಸ್ ಆದರೆ ಗಂಡನ ಆಸ್ತಿಯಲ್ಲಿ ಅರ್ಧ ಹೆಂಡತಿಗೆ ಹೋಗುತ್ತದೆ ಅಂತ. ಗಂಡನ ಮನೆಯವರು ಇದನ್ನು ಭಯದಿಂದ ನಂಬುತ್ತಾರೆ, ಹೆಂಡತಿಯ ಮನೆಯವರು ಭರವಸೆಯಿಂದ. ಇಬ್ಬರ ನಂಬಿಕೆಯೂ ಸುಳ್ಳು.

12 ಕೋಟಿಯ ಆ ತೀರ್ಪನ್ನೇ ನೋಡಿ. ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ಪಂಕಜ್ ಮಿತ್ತಲ್ ಅವರ ಪೀಠ ಅದರಲ್ಲಿ ಹೇಳಿದ ಮುಖ್ಯ ಮಾತು ಹಣದ ಮೊತ್ತದ ಸದ್ದಿನಲ್ಲಿ ಮುಳುಗಿಹೋಯಿತು. ಗಂಡನ ಸಂಪತ್ತಿಗೆ ಸರಿಸಮನಾಗಿ ತನಗೂ ಬೇಕು ಎಂದು ಕೇಳುವ ದಾರಿ ಜೀವನಾಂಶವಲ್ಲ ಎಂದು ಪೀಠ ಸ್ಪಷ್ಟವಾಗಿ ಹೇಳಿತು. ಬೇರೆಯಾದ ಮೇಲೆ ಗಂಡ ದಿವಾಳಿ ಎದ್ದಿದ್ದರೆ ಆಗಲೂ ಈ ಸಮಪಾಲಿನ ಬೇಡಿಕೆ ಬರುತ್ತಿತ್ತೇ ಎಂದೂ ಕೇಳಿತು. ಸಿಕ್ಕಿದ್ದು ಜೀವನಾಂಶ. ಪಾಲು ಸಿಗಲಿಲ್ಲ. ಸಿಗುವ ಕಾನೂನೂ ನಮ್ಮಲ್ಲಿಲ್ಲ.

ಕಾಗದದಲ್ಲಿ ಯಾರ ಹೆಸರು?

ಮದುವೆಯಾದ ದಿನದಿಂದ ಗಂಡ–ಹೆಂಡತಿಯ ಆಸ್ತಿ ಒಂದೇ ಆಗುತ್ತದೆ ಎಂದು ನಮ್ಮ ಕಾನೂನು ಎಲ್ಲೂ ಹೇಳುವುದಿಲ್ಲ. ಗಂಡನದ್ದು ಗಂಡನದ್ದು, ಹೆಂಡತಿಯದ್ದು ಹೆಂಡತಿಯದ್ದು. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಆಸ್ತಿ ಹಂಚುವ ಬಗ್ಗೆ ಇರುವುದು 27ನೇ ಸೆಕ್ಷನ್ ಒಂದೇ. ಅದೂ ಮದುವೆಯ ಹೊತ್ತಿನಲ್ಲಿ ಇಬ್ಬರಿಗೂ ಸೇರಿ ಬಂದ ಉಡುಗೊರೆಗಳಿಗಷ್ಟೇ ಅನ್ವಯ. ಮದುವೆಯಾಗಿ ಹದಿನೈದು ವರ್ಷ ಇಬ್ಬರೂ ಒದ್ದಾಡಿ ಮಾಡಿದ ಮನೆ, ಸೈಟು, ಮ್ಯೂಚುವಲ್ ಫಂಡ್ ಇವುಗಳನ್ನು ಹೇಗೆ ಹಂಚಬೇಕು ಎಂಬುದಕ್ಕೆ ಅಲ್ಲಿ ಒಂದು ಸಾಲೂ ಇಲ್ಲ. ಕ್ರಯಪತ್ರದಲ್ಲಿ ಯಾರ ಹೆಸರಿದೆ, ಖಾತೆ ಯಾರದ್ದು ಎಂಬಲ್ಲಿಂದಲೇ ಕೋರ್ಟ್ ಶುರು ಮಾಡುತ್ತದೆ. ಮುಸ್ಲಿಮರಿಗೆ ಮೆಹರ್ (ಮದುವೆಯ ಕರಾರಿನಂತೆ ಗಂಡ ಹೆಂಡತಿಗೆ ಕೊಡಬೇಕಾದದ್ದು) ಮತ್ತು 1986ರ ಕಾಯ್ದೆ ಇದೆ, ಕ್ರೈಸ್ತರಿಗೆ 1869ರ ಕಾಯ್ದೆ, ರಿಜಿಸ್ಟರ್ ಮದುವೆಯಾದವರಿಗೆ 1954ರ ವಿಶೇಷ ವಿವಾಹ ಕಾಯ್ದೆ. ಜೀವನಾಂಶದ ದಾರಿಗಳು ಬೇರೆ ಬೇರೆಯಾದರೂ ಹೆಸರಿನ ಈ ನಿಯಮ ಎಲ್ಲರಿಗೂ ಒಂದೇ.

ಇದರ ಪೆಟ್ಟು ಹೇಗೆ ಬೀಳುತ್ತದೆ ಎಂದು ಒಂದು ಲೆಕ್ಕದಲ್ಲಿ ನೋಡೋಣ. ಬೆಂಗಳೂರಿನಲ್ಲಿ ಇಬ್ಬರೂ ಕೆಲಸಕ್ಕೆ ಹೋಗುವ ಒಂದು ಜೋಡಿ ಎಂದುಕೊಳ್ಳಿ. ಫ್ಲಾಟ್ ಗಂಡನ ಹೆಸರಿನಲ್ಲಿದೆ. ಅವನ ಸಂಬಳದಿಂದ ತಿಂಗಳಿಗೆ 45,000 ಇಎಂಐ ಹೋಗುತ್ತದೆ. ಅವಳ ಸಂಬಳದಿಂದ ಅಷ್ಟೇ ದುಡ್ಡು ದಿನಸಿ, ಹಾಲು, ಮಗುವಿನ ಸ್ಕೂಲ್ ಫೀಸು, ಕೆಲಸದವರ ಸಂಬಳ, ಅತ್ತೆಯ ಮಾತ್ರೆ, ಕರೆಂಟ್ ಬಿಲ್ಲಿಗೆ ಹೋಗುತ್ತದೆ. ‘ಮನೆ ನಾನು ನೋಡ್ಕೋತೀನಿ, ಖರ್ಚು ನೀನು ನೋಡ್ಕೋ’ ಎಂಬ ಮಾತು ಎಷ್ಟು ಮನೆಗಳಲ್ಲಿ ಸಹಜವಾಗಿ ಬಂದುಹೋಗುತ್ತದೆ, ಅಲ್ವಾ? ಹನ್ನೆರಡು ವರ್ಷದಲ್ಲಿ ಇಬ್ಬರೂ ತಲಾ 64.80 ಲಕ್ಷ ಹಾಕಿರುತ್ತಾರೆ. ಬೇರೆಯಾಗುವ ದಿನ ಅವನ ಕೈಯಲ್ಲಿ ಬೆಲೆ ಏರಿದ ಫ್ಲಾಟು. ಅವಳ ಕೈಯಲ್ಲಿ ಏನಿದೆ? ತಿಂದು ಮುಗಿದ ದಿನಸಿಗೆ ಪಹಣಿ ಇಲ್ಲ.

ಅವಳು ಕೆಲಸಕ್ಕೆ ಹೋಗದೆ ಮನೆ ನೋಡಿಕೊಂಡಿದ್ದರಂತೂ ತೋರಿಸಲು ಅಷ್ಟು ಬ್ಯಾಂಕ್ ಸ್ಟೇಟ್‌ಮೆಂಟೂ ಇರುವುದಿಲ್ಲ. 2023ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟ್ ಈ ಅನ್ಯಾಯವನ್ನು ಗುರುತಿಸಿತು. ಹೆಂಡತಿ ಮನೆ ನಡೆಸಿದ್ದರಿಂದಲೇ ಗಂಡನಿಗೆ ದುಡಿದು ಉಳಿಸಲು ಆಯಿತು, ಹಾಗಾಗಿ ಆ ಉಳಿತಾಯದಲ್ಲಿ ಕೊಂಡ ಆಸ್ತಿಯಲ್ಲಿ ಆಕೆಗೂ ಸಮಪಾಲಿದೆ ಎಂದಿತು. ಒಳ್ಳೆಯ ತೀರ್ಪು. ಆದರೆ ಅದು ಒಂದು ಹೈಕೋರ್ಟಿನ ಮಾತು. ನಮ್ಮ ರಾಜ್ಯದ ಕೋರ್ಟುಗಳು ಅದನ್ನು ಒಪ್ಪಲೇಬೇಕೆಂದಿಲ್ಲ. ವಕೀಲರು ವಾದದಲ್ಲಿ ಎತ್ತಬಹುದು, ಅಷ್ಟೆ.

ಸಂಸತ್ತು ಇದನ್ನು ಸರಿಮಾಡುವ ಹತ್ತಿರ ಬಂದಿತ್ತು. ಗಂಡನ ಸ್ಥಿರಾಸ್ತಿಯಿಂದ ಹೆಂಡತಿಗೆ ಮತ್ತು ಮಕ್ಕಳಿಗೆ ಪರಿಹಾರ ಕೊಡಿಸುವ ವಿವಾಹ ಕಾನೂನು ತಿದ್ದುಪಡಿ ಮಸೂದೆಯನ್ನು 2010ರಲ್ಲಿ ಮಂಡಿಸಲಾಯಿತು. 2013ರ ಆಗಸ್ಟ್‌ನಲ್ಲಿ ರಾಜ್ಯಸಭೆ ಒಪ್ಪಿತು. ಲೋಕಸಭೆಯಲ್ಲಿ ಹಾಗೇ ಉಳಿಯಿತು. 2014ರಲ್ಲಿ ಆ ಲೋಕಸಭೆಯ ಅವಧಿ ಮುಗಿದಾಗ ಮಸೂದೆಯೂ ಬಿದ್ದುಹೋಯಿತು.

ನಮ್ಮ ದೇಶದಲ್ಲೇ ಬೇರೆ ಬಗೆಯ ಕಾನೂನು ನೋಡಬೇಕೆಂದರೆ ಕಾರವಾರ ದಾಟಿದರೆ ಸಾಕು. ಗೋವಾದವರಿಗೆ ಇಂದಿಗೂ 1867ರ ಪೋರ್ಚುಗೀಸ್ ಸಿವಿಲ್ ಕೋಡ್ ಅನ್ವಯಿಸುತ್ತದೆ. ಮದುವೆಗೆ ಮೊದಲು ಬೇರೆ ಒಪ್ಪಂದ ಮಾಡಿಕೊಳ್ಳದಿದ್ದರೆ ಇಬ್ಬರ ಆಸ್ತಿಯೂ ಒಂದೇ ರಾಶಿ, ಅದರಲ್ಲಿ ಇಬ್ಬರಿಗೂ ಅರ್ಧರ್ಧ. ಗಂಡ ಜಮೀನು ಮಾರಲು ಹೆಂಡತಿಯ ಸಹಿ ಬೇಕೇ ಬೇಕು. ಆ ಆಸ್ತಿ ಗೋವಾದ ಹೊರಗಿದ್ದರೂ ಅದೇ ಕಾನೂನು ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಹಾಗಾದರೆ ಜಂಟಿ ಹೆಸರಿದ್ದರೆ? ಇದ್ದರೆ ಎಷ್ಟೋ ವಾಸಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ ಯಾರು ಎಷ್ಟು ಹಣ ಹಾಕಿದ್ದಾರೋ ಅವರ ಪಾಲು ಅಷ್ಟು. ಯಾರೂ ಸಾಬೀತು ಮಾಡದಿದ್ದರೆ ಸಮಪಾಲು ಎಂದು ಹಿಡಿಯುತ್ತಾರೆ. ಇಎಂಐ ಯಾರ ಅಕೌಂಟಿನಿಂದ ಹೋಗುತ್ತಿದೆ ಎಂಬ ಸಣ್ಣ ವಿಷಯ ಇಲ್ಲಿ ದೊಡ್ಡದಾಗುತ್ತದೆ. ಇಬ್ಬರ ಅಕೌಂಟಿನಿಂದಲೂ ಇಎಂಐ, ಇಬ್ಬರ ಅಕೌಂಟಿನಿಂದಲೂ ಖರ್ಚು ಹೋಗುವ ಹಾಗೆ ಮಾಡಿಕೊಳ್ಳುವುದು ಚೆನ್ನಾಗಿ ಸಂಸಾರ ಮಾಡುತ್ತಿರುವವರಿಗೂ ಒಳ್ಳೆಯದೇ. ಇದನ್ನು ಹೇಳಿದರೆ ‘ಈಗಲೇ ಡಿವೋರ್ಸ್ ಪ್ಲಾನಾ’ ಎಂದು ಕೇಳುವವರು ಇರುತ್ತಾರೆ. ಇರಲಿ ಬಿಡಿ.

ಇನ್ನು ಗಂಡ ತನ್ನ ದುಡ್ಡಿನಲ್ಲಿ ಹೆಂಡತಿಯ ಹೆಸರಿಗೇ ಸೈಟು ತೆಗೆದಿದ್ದರೆ? ಹೆಸರಿದ್ದವರೇ ಮಾಲೀಕರು ಎಂದು ಕೋರ್ಟ್ ಮೊದಲು ಭಾವಿಸುತ್ತದೆ. ಅಲ್ಲ ಎನ್ನುವವರು ಸಾಬೀತು ಮಾಡಬೇಕು. 2016ರಲ್ಲಿ ತಿದ್ದುಪಡಿಯಾದ ಬೇನಾಮಿ ಕಾನೂನು, ಲೆಕ್ಕ ಇರುವ ಹಣದಲ್ಲಿ ಹೆಂಡತಿ ಅಥವಾ ಮಕ್ಕಳ ಹೆಸರಿಗೆ ಕೊಂಡದ್ದನ್ನು ಬೇನಾಮಿ ಎನ್ನುವುದಿಲ್ಲ. ಬೇನಾಮಿಯಾದರೆ ದುಡ್ಡು ಹಾಕಿದವರು ಆಸ್ತಿ ತನ್ನದೆಂದು ಕೇಳಲು ಬರುವುದಿಲ್ಲ. ಇಲ್ಲಿ ಆ ಅಡ್ಡಿ ಇಲ್ಲ, ಹಾಗಾಗಿ ‘ದುಡ್ಡು ನನ್ನದು, ಹೆಸರಷ್ಟೇ ಅವಳದು’ ಎಂದು ವಾದಿಸಲು ಗಂಡನಿಗೆ ಬಾಗಿಲು ತೆರೆದಿದೆ.

ಪಿತ್ರಾರ್ಜಿತದ ಬಗ್ಗೆ ಒಂದು ಮಾತು. ಗಂಡನ ಪಿತ್ರಾರ್ಜಿತ ಜಮೀನಿನಲ್ಲಿ ಡಿವೋರ್ಸ್ ಕಾರಣಕ್ಕೆ ಹೆಂಡತಿಗೆ ಪಾಲು ಬರುವುದಿಲ್ಲ. ಆದರೆ ಆ ಜೋಡಿಯ ಮಗ, ಮಗಳು ಇಬ್ಬರಿಗೂ ಹುಟ್ಟಿನಿಂದಲೇ ಹಕ್ಕಿದೆ. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಈ ಹಕ್ಕು ಕೊಟ್ಟಿತ್ತು. ದೇಶಕ್ಕೆಲ್ಲ ಬಂದದ್ದು 2005ರಲ್ಲಿ. ಅಪ್ಪ–ಅಮ್ಮ ಬೇರೆಯಾದರು ಎಂದು ಮಕ್ಕಳ ಹಕ್ಕು ಎಲ್ಲೂ ಹೋಗುವುದಿಲ್ಲ.

ಜೀವನಾಂಶ: ಆದಾಯ ತೋರಿಸುವವರು, ಮುಚ್ಚಿಡುವವರು

ಪಾಲು ಇಲ್ಲದ ಕಡೆ ಎಲ್ಲ ಭಾರವೂ ಜೀವನಾಂಶದ ಮೇಲೆ ಬೀಳುತ್ತದೆ. ಕೇಸು ನಡೆಯುವಾಗ ಸಿಗುವ ಮಧ್ಯಂತರ ಜೀವನಾಂಶ ಹಿಂದೂ ವಿವಾಹ ಕಾಯ್ದೆಯ 24ನೇ ಸೆಕ್ಷನ್. ಡಿಕ್ರಿ, ಅಂದರೆ ಕೋರ್ಟಿನ ಅಂತಿಮ ಆದೇಶ, ಆಗುವಾಗ ಸಿಗುವುದು 25ನೇ ಸೆಕ್ಷನ್. ಈ ಎರಡನ್ನೂ ಗಂಡನೂ ಕೇಳಬಹುದು. ಜೀವನಾಂಶದ ಇನ್ನೊಂದು ದಾರಿ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 125ನೇ ಸೆಕ್ಷನ್. ಅದು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 144 ಆಗಿದೆ. ಅದರಡಿ ಗಂಡ ಕೇಳಲು ಬರುವುದಿಲ್ಲ.

ಎಷ್ಟು ಸಿಗುತ್ತದೆ? ಗಂಡನ ಸಂಬಳದಲ್ಲಿ ಕಾಲು ಭಾಗ ಎಂದು ಎಲ್ಲರೂ ಹೇಳುತ್ತಾರೆ. 2017ರ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೈಗೆ ಬರುವ ಸಂಬಳದ ಶೇ 25 ಸರಿ ಎಂದದ್ದು ನಿಜ. ಅದೇ ನಿಯಮವಾಗಿಲ್ಲ. ಎಷ್ಟು ವರ್ಷದ ಸಂಸಾರ, ಹೆಂಡತಿ ಕೆಲಸ ಬಿಟ್ಟಿದ್ದು ಯಾಕೆ, ಮಕ್ಕಳು ಯಾರ ಹತ್ತಿರ, ಗಂಡನ ಮೇಲೆ ಯಾರ್ಯಾರು ಅವಲಂಬಿಸಿದ್ದಾರೆ, ಇವನ್ನೆಲ್ಲ ತೂಗಿ ಜಡ್ಜ್ ನಿರ್ಧರಿಸುತ್ತಾರೆ. ಹೆಂಡತಿ ದುಡಿಯುತ್ತಿದ್ದಾಳೆ ಎಂಬ ಒಂದೇ ಕಾರಣಕ್ಕೆ ಜೀವನಾಂಶ ತಪ್ಪುವುದಿಲ್ಲ. ಆದರೆ ಮೊತ್ತ ಇಳಿಯುತ್ತದೆ. ಇಬ್ಬರ ಸಂಬಳವೂ ಹೆಚ್ಚುಕಮ್ಮಿ ಒಂದೇ ಆಗಿದ್ದರೆ ಏನೂ ಸಿಗದೆಯೂ ಇರಬಹುದು.

ಈ ಲೆಕ್ಕದಲ್ಲಿ ನಿಜವಾಗಿ ದಿಕ್ಕು ಬದಲಿಸಿದ್ದು ಸುಪ್ರೀಂ ಕೋರ್ಟಿನ 2020ರ ನವೆಂಬರ್ 4ರ ತೀರ್ಪು. ವಕೀಲರ ಬಾಯಲ್ಲಿ ಅದು ‘ರಜನೇಶ್–ನೇಹಾ’. ಇಬ್ಬರೂ ತಮ್ಮ ಆಸ್ತಿ, ಸಾಲ, ಆದಾಯ, ಖರ್ಚಿನ ಪೂರ್ತಿ ವಿವರವನ್ನು ಅಫಿಡವಿಟ್ ಮಾಡಿ ಕೊಡಬೇಕು ಎಂದು ಅದು ಹೇಳಿತು. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಾಕಬೇಕು ಎಂದೂ ಹೇಳಿತು. ಎರಡನೆಯದರ ಬೆಲೆ ಕೇಸು ನಡೆಸಿದವರಿಗೇ ಗೊತ್ತು. ಮೊದಲೆಲ್ಲ ಕೆಲವು ಕೋರ್ಟುಗಳು ಆದೇಶದ ದಿನದಿಂದ ಕೊಡಿಸುತ್ತಿದ್ದವು. ಹಾಗಾಗಿ ವಾಯಿದೆ ಎಳೆದಷ್ಟೂ ಎದುರಿನವರಿಗೆ ಲಾಭವಾಗುತ್ತಿತ್ತು.

ಸಾಫ್ಟ್‌ವೇರ್ ಕಂಪನಿಯ ಉದ್ಯೋಗಿಯ ಅಫಿಡವಿಟ್ ಸುಲಭ. ಸ್ಯಾಲರಿ ಸ್ಲಿಪ್ ಇದೆ, ಫಾರ್ಮ್ 16 ಇದೆ, ಕಂಪನಿ ಕೊಟ್ಟ ಷೇರುಗಳಿಗೂ ದಾಖಲೆ ಇದೆ. ಮಲೆನಾಡಿನ ಅಡಿಕೆ ತೋಟದ ಮನೆಯ ಮಗನದ್ದು? ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಹಾಗಾಗಿ ರಿಟರ್ನ್ಸ್ ತೆಗೆದು ನೋಡಿದರೆ ಅವನು ಬಡವ. ತೋಟ ಅಪ್ಪನ ಹೆಸರಲ್ಲಿ, ಕಾರು ಅಣ್ಣನ ಹೆಸರಲ್ಲಿ. ಕೋರ್ಟಿನಲ್ಲಿ ‘ನಾನು ಅಪ್ಪನ ತೋಟದಲ್ಲಿ ಕೆಲಸ ಮಾಡಿಕೊಂಡಿದ್ದೇನೆ’ ಎನ್ನುತ್ತಾನೆ. ಊರಿನ ಅಂಗಡಿ, ಗ್ಯಾರೇಜು, ಕಂಟ್ರಾಕ್ಟ್ ಕೆಲಸ ಮಾಡುವವರದ್ದೂ ಇದೇ ಕಥೆ.

ಇಲ್ಲಿ ಕೆಲಸಕ್ಕೆ ಬರುವುದು ನಮ್ಮದೇ ರಾಜ್ಯದ ದಾಖಲೆಗಳು. ಪಹಣಿಯನ್ನು ಭೂಮಿ ವೆಬ್‌ಸೈಟಿನಲ್ಲಿ ಸರ್ವೆ ನಂಬರ್ ಹಾಕಿ ಯಾರು ಬೇಕಾದರೂ ನೋಡಬಹುದು. ಎಷ್ಟು ಎಕರೆ, ಯಾವ ಬೆಳೆ, ಯಾರ ಹೆಸರು, ಎಷ್ಟು ಸಾಲ ಎಂಬುದೆಲ್ಲ ಅಲ್ಲಿದೆ. ಆಸ್ತಿ ನೋಂದಣಿಯ ಕಾವೇರಿ ವೆಬ್‌ಸೈಟಿನಲ್ಲಿ ಇ.ಸಿ. (ಋಣಭಾರ ಪತ್ರ) ತೆಗೆದರೆ ಕಳೆದ ವರ್ಷಗಳಲ್ಲಿ ಏನು ಮಾರಿದರು, ಯಾರಿಗೆ ದಾನಪತ್ರ ಮಾಡಿದರು ಎಂದು ಗೊತ್ತಾಗುತ್ತದೆ. ಅಡಿಕೆಯನ್ನು ಬೆಳೆಗಾರರ ಸಹಕಾರ ಸಂಘಗಳಾದ ಮ್ಯಾಮ್ಕೋಸ್ ಅಥವಾ ಕ್ಯಾಂಪ್ಕೋಗೆ ಹಾಕುವವರಾದರೆ ಸದಸ್ಯರ ಲೆಕ್ಕದಲ್ಲಿ ತೂಕ, ದರ, ಸಂದಾಯ ಎಲ್ಲವೂ ದಾಖಲಾಗಿರುತ್ತದೆ. ಸಹಕಾರ ಸಂಘದ ಪಾಸ್‌ಬುಕ್, ಬೆಳೆ ಸಾಲದ ಅರ್ಜಿ ಇವೂ ಮಾತಾಡುತ್ತವೆ. ಸಾಲ ಕೇಳುವಾಗ ಯಾರೂ ತಾನು ಬಡವ ಎಂದು ಬರೆಯುವುದಿಲ್ಲ ನೋಡಿ. ಇವನ್ನೆಲ್ಲ ತರಿಸಿ ಎಂದು ಕೋರ್ಟಿಗೆ ಅರ್ಜಿ ಕೊಡಬಹುದು.

ನೋಟಿಸ್ ಬರುವ ವಾಸನೆ ಬಂದ ಕೂಡಲೇ ಜಮೀನನ್ನು ತಮ್ಮನ ಹೆಸರಿಗೆ ದಾನಪತ್ರ ಮಾಡಿಬಿಡುವುದು ಹಳೆಯ ಉಪಾಯ. ಇದಕ್ಕೆ ಕಾನೂನಿನಲ್ಲಿ ಉತ್ತರವಿದೆ. ಜಮೀನಿನ ಆದಾಯದಿಂದ ಜೀವನಾಂಶ ಪಡೆಯುವ ಹಕ್ಕು ಇರುವವರು, ಆ ಜಮೀನನ್ನು ಪುಕ್ಕಟೆ ಪಡೆದವರ ಮೇಲೂ ಆ ಹಕ್ಕನ್ನು ಚಲಾಯಿಸಬಹುದು ಎಂದು ಆಸ್ತಿ ವರ್ಗಾವಣೆ ಕಾಯ್ದೆಯ 39ನೇ ಸೆಕ್ಷನ್ ಹೇಳುತ್ತದೆ. ಅದಕ್ಕಿಂತ ಮೊದಲೇ ಎಚ್ಚರವಾಗಿ ಮಾರಾಟಕ್ಕೆ ತಡೆಯಾಜ್ಞೆ ಕೇಳುವುದು ಜಾಣತನ. ಡಿಕ್ರಿ ಆಗುವಾಗಲೂ ಒಂದು ಮಾತು ಸೇರಿಸಿಕೊಳ್ಳಬೇಕು. 25ನೇ ಸೆಕ್ಷನ್ ಪ್ರಕಾರ ಜೀವನಾಂಶವನ್ನು ಗಂಡನ ಸ್ಥಿರಾಸ್ತಿಯ ಮೇಲೆ ಋಣವಾಗಿ ಹೇರಬಹುದು. ಬ್ಯಾಂಕಿನ ಸಾಲ ಏರಿಸುವ ಹಾಗೆ ಪಹಣಿಯ 11ನೇ ಕಾಲಂನಲ್ಲಿ ಇದರ ಬೋಜಾ ಕೂತರೆ ಆ ಜಮೀನನ್ನು ಕಣ್ಣುಮುಚ್ಚಿ ಕೊಳ್ಳುವವರು ಸಿಗುವುದಿಲ್ಲ.

ಸಂಬಳದವರು ಕೊಡದೆ ಸತಾಯಿಸಿದರೆ ಸಂಬಳವನ್ನೇ ಜಪ್ತಿ ಮಾಡಿಸಬಹುದು. ಮಾಮೂಲಿ ಸಾಲದ ಡಿಕ್ರಿಗಿಂತ ಜೀವನಾಂಶದ ಡಿಕ್ರಿಗೆ ಬಲ ಜಾಸ್ತಿ. ಸಂಬಳದ ಮೂರನೇ ಒಂದು ಭಾಗವನ್ನು ಬಿಟ್ಟು ಉಳಿದದ್ದಕ್ಕೆ ಕೈ ಹಾಕಲು ಸಿವಿಲ್ ಪ್ರಕ್ರಿಯಾ ಸಂಹಿತೆ ಬಿಡುತ್ತದೆ. ಪಿಎಫ್ ಹಣವನ್ನು ಮಾತ್ರ ಮುಟ್ಟಲು ಬರುವುದಿಲ್ಲ.

ಚಿನ್ನ ಯಾರದ್ದು ಎಂಬುದರಲ್ಲಿ ಅನುಮಾನವಿಲ್ಲ

ಹೆಸರು ಯಾರದ್ದು ಎಂಬ ಕಾನೂನು ಹೆಣ್ಣಿನ ಕೈ ಹಿಡಿಯುವುದು ಸ್ತ್ರೀಧನದಲ್ಲಿ. ತವರಿನವರು ಕೊಟ್ಟದ್ದು, ಅತ್ತೆಮನೆಯವರು ಹಾಕಿದ್ದು, ಸೋದರಮಾವ ಕೊಟ್ಟ ಓಲೆ, ಮದುವೆಯ ಮೊದಲೂ ಆಮೇಲೂ ಅವಳಿಗೆಂದು ಬಂದದ್ದೆಲ್ಲ ಅವಳದ್ದೇ. 1985ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿತ್ತು. 2024ರ ಏಪ್ರಿಲ್‌ನಲ್ಲಿ ಕೇರಳದ ಪ್ರಕರಣವೊಂದರಲ್ಲಿ ಮತ್ತೆ ಹೇಳಿತು. ಮದುವೆಯಲ್ಲಿ ತಂದ 89 ಪವನ್ ಚಿನ್ನವನ್ನು ಗಂಡನ ಕೈಗೆ ಕೊಟ್ಟಿದ್ದೆ, ವಾಪಸು ಬರಲಿಲ್ಲ ಎಂಬುದು ಹೆಂಡತಿಯ ದೂರು. ಸ್ತ್ರೀಧನ ಗಂಡ–ಹೆಂಡತಿಯ ಜಂಟಿ ಆಸ್ತಿಯಲ್ಲ, ಕಷ್ಟಕ್ಕೆ ಬಳಸಿದರೂ ಹಿಂದಿರುಗಿಸುವ ಹೊಣೆ ಗಂಡನದ್ದು ಎಂದು ಹೇಳಿ 25 ಲಕ್ಷ ಕೊಡಿಸಿತು.

ಆದರೆ ತಕರಾರು ಬರುವುದು ‘ಎಷ್ಟಿತ್ತು’ ಎಂಬಲ್ಲಿ. ಮದುವೆಯ ಫೋಟೊ, ವಿಡಿಯೊ, ಅಂಗಡಿಯ ಬಿಲ್ಲು ಇವೇ ಸಾಕ್ಷಿ. ಮುಯ್ಯಿ ಬರೆದ ನೋಟ್‌ಬುಕ್ ಎಷ್ಟೋ ಮನೆಗಳಲ್ಲಿ ಇನ್ನೂ ಬೀರುವಿನಲ್ಲಿರುತ್ತದೆ. ಯಾರು ಏನು ಕೊಟ್ಟರು, ಹೆಣ್ಣಿನ ಕಡೆಯವರೋ ಗಂಡಿನ ಕಡೆಯವರೋ ಎಂಬುದಕ್ಕೆ ಅಷ್ಟು ಒಳ್ಳೆಯ ದಾಖಲೆ ಬೇರೆ ಇಲ್ಲ. ಅದರ ಫೋಟೊ ತೆಗೆದಿಟ್ಟುಕೊಳ್ಳಬೇಕು. ಲಾಕರ್ ಜಂಟಿಯಾಗಿದ್ದರೆ ತೆರೆದ ದಿನಗಳ ದಾಖಲೆ ಬ್ಯಾಂಕಿನಲ್ಲಿರುತ್ತದೆ.

ಗಿರವಿ ಇಟ್ಟ ಚಿನ್ನದ್ದು ಬೇರೆಯೇ ತಲೆನೋವು. ಗಂಡನ ವ್ಯಾಪಾರಕ್ಕೋ ನಾದಿನಿಯ ಮದುವೆಗೋ ಹೆಂಡತಿಯ ಸರ ಗಿರವಿಗೆ ಹೋಗುತ್ತದೆ. ರಸೀದಿ ಗಂಡನ ಹೆಸರಿನಲ್ಲಿರುತ್ತದೆ. ಬಡ್ಡಿ ಕಟ್ಟದೆ ಹರಾಜಾದರೆ ಚಿನ್ನ ಇತ್ತೆಂಬುದಕ್ಕೂ ಕುರುಹು ಇರುವುದಿಲ್ಲ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ. 2025ರಲ್ಲಿ ಹತ್ತು ಗ್ರಾಂ ಚಿನ್ನ ಲಕ್ಷ ದಾಟಿತು. ಹದಿನೈದು ವರ್ಷದ ಹಿಂದಿನ ಬಿಲ್ಲಿನ ಬೆಲೆಗೆ ರಾಜಿ ಮಾಡಿಕೊಂಡರೆ ಎಷ್ಟು ಕಳೆದುಕೊಳ್ಳುತ್ತೀರಿ ಎಂದು ಲೆಕ್ಕ ಹಾಕಿ. ರಾಜಿಪತ್ರದಲ್ಲಿ ದುಡ್ಡಿನ ಜೊತೆಗೆ ಗ್ರಾಂ ಲೆಕ್ಕವನ್ನೂ ಬರೆಸಬೇಕು.

ವರದಕ್ಷಿಣೆ ಎಂದು ಕೊಟ್ಟದ್ದು? ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧ. ಆದರೂ ಕೊಟ್ಟಾಗಿದ್ದರೆ ಮದುವೆಯಾದ ಮೂರು ತಿಂಗಳೊಳಗೆ ಅದನ್ನು ಹೆಣ್ಣಿಗೆ ಒಪ್ಪಿಸಬೇಕು ಎಂದು 1961ರ ಕಾಯ್ದೆಯ 6ನೇ ಸೆಕ್ಷನ್ ಹೇಳುತ್ತದೆ. ಈ ಸೆಕ್ಷನ್ ಬಗ್ಗೆ ಕೇಳಿದವರೇ ಕಡಿಮೆ.

ಬ್ಯಾಂಕಿಗೆ ನಿಮ್ಮ ಜಗಳ ಬೇಕಿಲ್ಲ

ಇಬ್ಬರೂ ಸೇರಿ ಮಾಡಿದ ಹೋಮ್ ಲೋನ್ ಡಿವೋರ್ಸ್‌ನಿಂದ ಮುರಿಯುವುದಿಲ್ಲ. ‘ಇನ್ನು ಮುಂದೆ ಇಎಂಐ ಗಂಡನೇ ಕಟ್ಟುತ್ತಾನೆ’ ಎಂದು ಕೋರ್ಟಿನ ಮುಂದೆ ಬರೆದುಕೊಟ್ಟರೂ ಬ್ಯಾಂಕು ಆ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಅವನು ಮೂರು ಕಂತು ತಪ್ಪಿಸಿದರೆ ಫೋನು ಅವಳಿಗೂ ಬರುತ್ತದೆ, ಅವಳ ಸಿಬಿಲ್ ಸ್ಕೋರೂ ಬೀಳುತ್ತದೆ. ಮುಂದೆ ಅವಳು ಒಂದು ಸಣ್ಣ ಮನೆಗೆ ಸಾಲ ಕೇಳಿದರೆ ಹಳೆಯ ಸಾಲವೇ ಅಡ್ಡ ನಿಲ್ಲುತ್ತದೆ.

ಇದಕ್ಕೆ ಮೂರೇ ದಾರಿ. ಫ್ಲಾಟ್ ಮಾರಿ ಸಾಲ ತೀರಿಸಿ ಉಳಿದದ್ದನ್ನು ಹಂಚಿಕೊಳ್ಳುವುದು. ಇಲ್ಲವೇ ಮನೆ ಇಟ್ಟುಕೊಳ್ಳುವವರು ತಮ್ಮೊಬ್ಬರ ಹೆಸರಿಗೆ ಹೊಸ ಸಾಲ ತೆಗೆದು ಹಳೆಯದನ್ನು ಮುಚ್ಚುವುದು. ಅಥವಾ ಬ್ಯಾಂಕು ಒಬ್ಬರ ಸಂಬಳದ ಮೇಲೆ ಒಪ್ಪಿ ಇನ್ನೊಬ್ಬರನ್ನು ಸಾಲದಿಂದ ಬಿಡಿಸುವುದು. ಮೂರನೆಯದು ಬ್ಯಾಂಕಿನ ಮರ್ಜಿ. ಏನೇ ಆದರೂ ಬಾಯಿಮಾತಿನ ‘ನೋಡ್ಕೋತೀನಿ’ ಸಾಲದು. ಒಪ್ಪಿ ಬೇರೆಯಾಗುವವರು ಕೋರ್ಟಿನ ಮುಂದೆ ಎರಡು ಸಲ ಒಪ್ಪಿಗೆ ಹೇಳಬೇಕು, ಅದಕ್ಕೆ ಮೊದಲ ಮೋಷನ್, ಎರಡನೇ ಮೋಷನ್ ಎನ್ನುತ್ತಾರೆ. ಎರಡನೇ ಮೋಷನ್ ದಿನ ಬರುವ ಮೊದಲೇ ಬ್ಯಾಂಕಿನ ಪತ್ರ ಕೈಯಲ್ಲಿರಬೇಕು.

ಮನೆಯ ಹಕ್ಕು ಬಿಡುವವರು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಹಕ್ಕು ಬಿಡುಗಡೆ ಪತ್ರ ಮಾಡಿಕೊಡಬೇಕು. ರಾಜಿ ಅರ್ಜಿಯಲ್ಲಿ ಒಂದು ಸಾಲು ಬರೆದ ಮಾತ್ರಕ್ಕೆ ಖಾತೆ ಬದಲಾಗುವುದಿಲ್ಲ. ಯಾವಾಗ ಮಾಡಬೇಕು ಎಂಬುದೂ ಮುಖ್ಯ. ಡಿಕ್ರಿ ಬರುವ ದಿನದವರೆಗೂ ಕಾನೂನಿನ ಕಣ್ಣಿಗೆ ಇಬ್ಬರೂ ಗಂಡ–ಹೆಂಡತಿಯೇ. ಕುಟುಂಬದೊಳಗಿನ ಪತ್ರಗಳಿಗೆ ಸ್ಟಾಂಪ್ ಶುಲ್ಕದಲ್ಲಿ ರಿಯಾಯಿತಿ ಇದೆ. ಗಂಡ–ಹೆಂಡತಿಯ ನಡುವೆ ಕೊಟ್ಟು ತೆಗೆದುಕೊಂಡದ್ದಕ್ಕೆ ಆದಾಯ ತೆರಿಗೆಯೂ ಇಲ್ಲ. ಡಿಕ್ರಿಯ ಮರುದಿನ ಇಬ್ಬರೂ ಹೊರಗಿನವರು. ಅದೇ ಪತ್ರಕ್ಕೆ ಆಗ ಪ್ರಶ್ನೆಗಳು ಏಳಬಹುದು.

ಜಂಟಿ ಸೇವಿಂಗ್ಸ್ ಅಕೌಂಟನ್ನು ಜನ ಮರೆಯುತ್ತಾರೆ. ‘ಇಬ್ಬರಲ್ಲಿ ಯಾರಾದರೂ ತೆಗೆಯಬಹುದು’ ಎಂಬ ಅಕೌಂಟಾದರೆ ಒಬ್ಬರು ಒಂದೇ ರಾತ್ರಿಯಲ್ಲಿ ಖಾಲಿ ಮಾಡಬಹುದು. ಬ್ಯಾಂಕು ಕೇಳುವುದಿಲ್ಲ, ಕೇಳುವ ಹಾಗೂ ಇಲ್ಲ. ಮಾತು ಮುರಿದುಬಿತ್ತು ಎನಿಸಿದ ದಿನವೇ ಇಬ್ಬರ ಸಹಿ ಇಲ್ಲದೆ ಹಣ ಬಿಡಬೇಡಿ ಎಂದು ಬ್ಯಾಂಕಿಗೆ ಬರೆದುಕೊಡಿ. ನಿಮ್ಮ ಕ್ರೆಡಿಟ್ ಕಾರ್ಡಿನ ಮೇಲೆ ತೆಗೆಸಿಕೊಟ್ಟ ಇನ್ನೊಂದು ಕಾರ್ಡಿದ್ದರೆ ಅದನ್ನೂ ನಿಲ್ಲಿಸಿ. ಅದರ ಬಿಲ್ಲು ನಿಮ್ಮದೇ.

ಮನೆ ಯಾರ ಹೆಸರಲ್ಲಿದ್ದರೂ ಇನ್ನೊಂದು ಹಕ್ಕನ್ನು ನೆನಪಿಡಬೇಕು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಪ್ರಕಾರ ಹೆಂಡತಿಯನ್ನು ಸಂಸಾರ ಮಾಡಿದ ಮನೆಯಿಂದ ಕಾನೂನಿನ ದಾರಿ ಬಿಟ್ಟು ಹೊರಗೆ ಹಾಕುವಂತಿಲ್ಲ. ಆ ಮನೆ ಅತ್ತೆ–ಮಾವನ ಹೆಸರಿನಲ್ಲಿದ್ದರೂ ಈ ರಕ್ಷಣೆ ಸಿಗಬಹುದು ಎಂದು 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇದು ಇರುವ ಹಕ್ಕು. ಮಾರುವ ಹಕ್ಕಲ್ಲ.

ಒಪ್ಪಿ ಬೇರೆಯಾಗುವವರು ಬರೆದುಕೊಳ್ಳುವುದು

ಮ್ಯೂಚುವಲ್ ಡಿವೋರ್ಸ್‌ನಲ್ಲಿ ಎಲ್ಲವೂ ಸಲೀಸು ಎಂದು ಜನ ಅಂದುಕೊಳ್ಳುತ್ತಾರೆ. ಮೊದಲ ಮೋಷನ್‌ಗೂ ಎರಡನೆಯದಕ್ಕೂ ನಡುವೆ ಆರು ತಿಂಗಳು ಕಾಯಬೇಕು. ಸೂಕ್ತ ಕಾರಣವಿದ್ದರೆ ಕೋರ್ಟ್ ಅದನ್ನು ಬಿಟ್ಟುಕೊಡಬಹುದು ಎಂದು 2017ರಲ್ಲಿ ತೀರ್ಮಾನವಾಗಿದೆ. ಈ ನಡುವಿನ ಕಾಲದಲ್ಲಿ ಯಾರು ಬೇಕಾದರೂ ಒಪ್ಪಿಗೆ ಹಿಂದೆಗೆದುಕೊಳ್ಳಬಹುದು. ಹಾಗಾಗಿ ಪೂರ್ತಿ ಹಣವನ್ನು ಮೊದಲೇ ಕೊಟ್ಟುಬಿಟ್ಟವರಿಗೂ ಅಪಾಯ, ‘ಡಿಕ್ರಿ ಆಗಲಿ, ಕೊಡ್ತೀನಿ’ ಎಂಬ ಮಾತನ್ನು ನಂಬಿದವರಿಗೂ ಅಪಾಯ. ಒಂದು ಭಾಗ ಮೊದಲ ಮೋಷನ್‌ನಲ್ಲಿ, ಉಳಿದದ್ದಕ್ಕೆ ಎರಡನೇ ಮೋಷನ್ ದಿನ ಜಡ್ಜ್ ಎದುರಿಗೇ ಡಿಡಿ, ಇದು ಅನುಭವಸ್ಥ ವಕೀಲರು ಹೇಳುವ ಕ್ರಮ.

ಒಂದೇ ಸಲ ದುಡ್ಡೋ, ತಿಂಗಳು ತಿಂಗಳಿಗೋ? ತಿಂಗಳ ಜೀವನಾಂಶ ಪಡೆಯುವವರ ಆದಾಯವಾಗಿ ತೆರಿಗೆಗೆ ಬರುತ್ತದೆ. ಒಟ್ಟಿಗೆ ಬಂದದ್ದನ್ನು ಸಾಮಾನ್ಯವಾಗಿ ಆದಾಯ ಎಂದು ಹಿಡಿಯುವುದಿಲ್ಲ. ಮತ್ತೆ ಮದುವೆಯಾದರೆ ತಿಂಗಳದ್ದನ್ನು ಕೋರ್ಟ್ ರದ್ದು ಮಾಡಬಹುದು, ಒಟ್ಟಿಗೆ ಕೊಟ್ಟದ್ದು ಕೊಟ್ಟ ಹಾಗೇ. ನನ್ನನ್ನು ಕೇಳಿದರೆ, ಕೊಡುವವರು ಸಂಬಳದವರಲ್ಲದಿದ್ದರೆ ಸ್ವಲ್ಪ ಕಡಿಮೆಯಾದರೂ ಒಟ್ಟಿಗೆ ತೆಗೆದುಕೊಳ್ಳುವುದೇ ವಾಸಿ. ವಸೂಲಿಗೆ ಅಲೆಯುವ ಖರ್ಚು, ಬೇಸರ ಯಾವ ಲೆಕ್ಕದಲ್ಲೂ ಬರುವುದಿಲ್ಲ. ತಿಂಗಳದ್ದೇ ಆಗಲಿ ಎನ್ನುವವರು ಬೆಲೆಯೇರಿಕೆಯನ್ನು ಬರೆಸಲೇಬೇಕು. 2025ರ ಮೇ ತಿಂಗಳಲ್ಲಿ ಪಶ್ಚಿಮ ಬಂಗಾಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ತಿಂಗಳಿಗೆ 50,000 ಕೊಡಿಸಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಬೇಕು ಎಂದಿತು. ಬೆಲೆಗಳು ಏರುವ ವೇಗಕ್ಕೆ ಅದೂ ಕಡಿಮೆಯೇ. ಆದರೂ ಒಂದು ಮಾದರಿ.

‘ಮುಂದೆ ಎಂದೂ ಏನೂ ಕೇಳುವುದಿಲ್ಲ’ ಎಂಬ ಸಾಲು ಎಲ್ಲ ರಾಜಿಪತ್ರಗಳಲ್ಲೂ ಇರುತ್ತದೆ. ಅದು ಕಲ್ಲಿನ ಮೇಲೆ ಬರೆದದ್ದಲ್ಲ. ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋಗಿ 2013ರಲ್ಲಿ ತೀರ್ಮಾನವಾದ ಒಂದು ಪ್ರಕರಣವಿದೆ. ಬರೀ 8,000 ರೂಪಾಯಿ ತೆಗೆದುಕೊಂಡು ಇನ್ನು ಕೇಳುವುದಿಲ್ಲ ಎಂದು ಒಪ್ಪಿದ್ದ ಹೆಂಡತಿ ಆಮೇಲೆ ಬೇರೆ ಕಾಯ್ದೆಯಡಿ ಜೀವನಾಂಶ ಕೇಳಿದರು. ಹಳೆಯ ಒಪ್ಪಂದ ಅದಕ್ಕೆ ಅಡ್ಡಿಯಲ್ಲ ಎಂದು ಕೋರ್ಟ್ ಹೇಳಿತು. ಮಕ್ಕಳ ಹಕ್ಕನ್ನಂತೂ ಅಪ್ಪ–ಅಮ್ಮ ಸೇರಿ ಬಿಟ್ಟುಕೊಡಲು ಬರುವುದೇ ಇಲ್ಲ. ಓದಿನ ಖರ್ಚು, ಆರೋಗ್ಯ ವಿಮೆ, ಕಾಲೇಜಿನ ಫೀಸು ಇವನ್ನು ಬೇರೆಯಾಗಿ ಬರೆಸುವುದು ಒಳ್ಳೆಯದು. ‘ಎಲ್ಲ ಸೇರಿ ಇಷ್ಟು’ ಎಂದು ಬರೆಸಿದರೆ ಮಗು ಪಿಯುಸಿಗೆ ಬರುವ ಹೊತ್ತಿಗೆ ಆ ದುಡ್ಡು ಕರಗಿರುತ್ತದೆ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಲೆಕ್ಕ ತಲೆಕೆಳಗು. ಕ್ಯಾಲಿಫೋರ್ನಿಯಾ, ಟೆಕ್ಸಾಸ್, ವಾಷಿಂಗ್ಟನ್ ರಾಜ್ಯಗಳಲ್ಲಿ ಮದುವೆಯಾದ ಮೇಲೆ ದುಡಿದದ್ದು ಇಬ್ಬರದ್ದೂ. ನಿವೃತ್ತಿ ಖಾತೆಯೂ ಅದರಲ್ಲಿ ಸೇರುತ್ತದೆ. ಆದರೆ ಮೈಸೂರಿನಲ್ಲಿ ತೆಗೆದ ಸೈಟನ್ನು ಅಲ್ಲಿನ ಜಡ್ಜ್ ಹಂಚಿ ಬರೆದರೂ ಇಲ್ಲಿನ ಖಾತೆ ತಾನಾಗಿ ಬದಲಾಗುವುದಿಲ್ಲ. ಅಮೆರಿಕದ ಡಿಕ್ರಿಯನ್ನು ಇಲ್ಲಿ ನೇರವಾಗಿ ಜಾರಿ ಮಾಡಲು ಬರುವುದಿಲ್ಲ, ಹೊಸದಾಗಿ ದಾವೆ ಹೂಡಬೇಕು. ಬ್ರಿಟನ್, ಸಿಂಗಪುರ, ಯುಎಇಯ ಹಣದ ಡಿಕ್ರಿಗಳಿಗೆ ಈ ತೊಡಕು ಕಡಿಮೆ.

ಡಿಕ್ರಿ ಕೈಗೆ ಬಂದ ಮೇಲೂ ಕೆಲಸ ಮುಗಿಯುವುದಿಲ್ಲ. ಡಿವೋರ್ಸ್ ಆಯಿತೆಂದು ನಾಮಿನಿ ತಾನಾಗಿ ಬದಲಾಗುವುದಿಲ್ಲ. ಪಿಎಫ್, ಎಲ್‌ಐಸಿ, ಬ್ಯಾಂಕ್ ಡಿಪಾಸಿಟ್, ಡಿಮ್ಯಾಟ್ ಎಲ್ಲ ಕಡೆ ಹಳೆಯ ಹೆಸರೇ ಕೂತಿರುತ್ತದೆ. ಮೊದಲು ಬರೆದ ವಿಲ್ಲೂ ಡಿವೋರ್ಸ್‌ನಿಂದ ರದ್ದಾಗುವುದಿಲ್ಲ. 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಗಂಡ ಮಾಡಿಸಿದ ವಿಮಾ ಪಾಲಿಸಿಯಾದರೆ ಅದರ ಹಣ ಹೆಂಡತಿ–ಮಕ್ಕಳಿಗೇ ಮೀಸಲು, ಅವನು ಬದಲಿಸಲು ಬರುವುದಿಲ್ಲ. ರಾಜಿ ಮಾತಾಡುವಾಗ ಇಂಥ ಪಾಲಿಸಿ ಇದೆಯೇ ಎಂದು ಕೇಳುವುದನ್ನು ಮರೆಯಬೇಡಿ. ಕೇಂದ್ರ ಸರ್ಕಾರಿ ನೌಕರಿಯಲ್ಲಿರುವ ಮಹಿಳೆಯರು ಡಿವೋರ್ಸ್ ಕೇಸು ನಡೆಯುತ್ತಿರುವಾಗಲೇ ಕುಟುಂಬ ಪಿಂಚಣಿ ಗಂಡನಿಗಿಂತ ಮೊದಲು ಮಕ್ಕಳಿಗೆ ಹೋಗಲಿ ಎಂದು ಬರೆದುಕೊಡಲು 2024ರ ಜನವರಿಯಿಂದ ಅವಕಾಶವಿದೆ.

ವಕೀಲರ ಫೀಸಿಗೆ ದುಡ್ಡಿಲ್ಲ ಎಂದು ಸುಮ್ನೆ ಕೂರಬೇಕಿಲ್ಲ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಪ್ರತಿ ತಾಲ್ಲೂಕಿನ ಕೋರ್ಟಿನಲ್ಲೂ ಕಾನೂನು ಸೇವಾ ಸಮಿತಿ ಇದೆ. ಸಹಾಯವಾಣಿ 15100. ಕೇಸಿನ ಖರ್ಚನ್ನು ಎದುರಿನವರಿಂದಲೇ ಕೊಡಿಸಿ ಎಂದು 24ನೇ ಸೆಕ್ಷನ್ ಅಡಿಯಲ್ಲೇ ಕೇಳಬಹುದು. ಆ ಅರ್ಜಿಯನ್ನು ಮೊದಲ ದಿನವೇ ಹಾಕಿ.